ಮಿದುಳು ಮೂಡುವ ಮೊದಲೇ: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಗೆಳೆಯ,

ಸೆರೊಟೋನಿನ್ ಅಂದರೆ ಮನಸ್ಸಿನ ಖುಷಿಗೆ ಸಂಬಂಧಪಟ್ಟಿದ್ದಲ್ಲವಾ, ಕಪ್ಪೆಮೊಟ್ಟೆಗೂ ಅದಕ್ಕೂ ಎಂಥ ನಂಟು ಮಾರಾಯ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು.

ನರಗಳು ರಾಸಾಯನಿಕದ ಮೂಲಕ ಸುದ್ದಿ ದಾಟಿಸುತ್ತವೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಕೊಟ್ಟಿದ್ದೇ ಕಪ್ಪೆ. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಬಡಿತ ನಿಧಾನ ಮಾಡಿದರು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದರ ಬಡಿತವೂ ನಿಧಾನವಾಯಿತು. ಕಾರಣ, ನರ ಹೊರಬಿಟ್ಟ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನೀನು ಕೇಳಿದ ಸೆರೊಟೋನಿನ್ ಕೂಡ ಇಂಥದ್ದೇ ಸುದ್ದಿ ದಾಟಿಸುವ ರಾಸಾಯನಿಕ.

ಅದು ಬೆಳೆದ ಕಪ್ಪೆಯ ಮಾತು. ನನ್ನನ್ನು ಹಿಡಿದು ಕೂರಿಸಿದ್ದು ಮೊಟ್ಟೆಯ ಒಳಗಿನ ಕತೆ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಝೆನೋಪಸ್ ಎಂಬ ಆಫ್ರಿಕಾದ ಕಪ್ಪೆಯನ್ನು. ಅದರ ಮೊಟ್ಟೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು; ಮೂರು ಗಂಟೆಯೊಳಗೆ 32 ಕೋಶಗಳಾಗುತ್ತದೆ. ಆಗ ನರವೂ ಇಲ್ಲ, ಮಿದುಳೂ ಇಲ್ಲ. ಆದರೆ ತಾಯಿ ಇಟ್ಟು ಕಳಿಸಿದ ಸೆರೊಟೋನಿನ್ ಇದೆ! ಅದರ ಕೆಲಸಕ್ಕೆ ತಡೆಯೊಡ್ಡಿದರೆ ಹೃದಯ, ಕರುಳು, ಪಿತ್ತಕೋಶಗಳ ಎಡಬಲವೇ ತಪ್ಪಿಹೋಗುತ್ತದೆ. 2005ರಲ್ಲಿ ಅಮೆರಿಕದ ವಿಜ್ಞಾನಿ ಮೈಕೆಲ್ ಲೆವಿನ್ ತಂಡ ಹೇಳಿದ್ದು, ಈ ಸೆರೊಟೋನಿನ್ ಕೋಶದಿಂದ ಕೋಶಕ್ಕೆ ಸಾಗಿ ಬಲಭಾಗದಲ್ಲಿ ಸೇರಿಕೊಳ್ಳುತ್ತದೆ ಎಂದು. ಜರ್ಮನಿಯ ಮಾರ್ಟಿನ್ ಬ್ಲುಮ್ ತಂಡ 2012ರಲ್ಲಿ ಒಪ್ಪಲಿಲ್ಲ. ಅವರ ಪ್ರಕಾರ, ಮುಂದೆ ಭ್ರೂಣದೊಳಗೆ ಸೂಕ್ಷ್ಮ ರೋಮಗಳು ದ್ರವವನ್ನು ಎಡಕ್ಕೆ ಹರಿಸುತ್ತವೆ, ಎಡಬಲ ತೀರ್ಮಾನವಾಗುವುದು ಆ ಹರಿವಿನಿಂದ; ಆ ರೋಮಗಳಿರುವ ಜಾಗ ಸರಿಯಾಗಿ ರೂಪುಗೊಳ್ಳಲು ಸೆರೊಟೋನಿನ್ ಬೇಕು. ದಾರಿಯ ಬಗ್ಗೆ ಜಗಳ, ಸೆರೊಟೋನಿನ್ ಬೇಕೇ ಬೇಕು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ವಿಜ್ಞಾನದ ಇಂಥ ಜಗಳಗಳನ್ನು ಓದುವುದೆಂದರೆ ನನಗೆ ಬಲು ಇಷ್ಟ.

ಇನ್ನೊಂದು ಕೇಳು. ನಿಕೊಲಸ್ ಸ್ಪಿಟ್ಜರ್ ತಂಡ 2004ರಲ್ಲಿ ತೋರಿಸಿದ್ದು: ಝೆನೋಪಸ್ ಭ್ರೂಣದ ಬೆನ್ನುಹುರಿಯಲ್ಲಿ ಎಳೆಯ ನರಕೋಶಗಳು ಕ್ಯಾಲ್ಸಿಯಂ ಮಿಡಿತಗಳನ್ನು ಹೊಮ್ಮಿಸುತ್ತವೆ. ಮಿಡಿತ ಹೆಚ್ಚಿಸಿದರೆ ಗಾಬಾದಂಥ ತಣಿಸುವ ರಾಸಾಯನಿಕ ತಯಾರಿಸುವ ಕೋಶಗಳು ಹೆಚ್ಚುತ್ತವೆ, ಮಿಡಿತ ತಗ್ಗಿಸಿದರೆ ಗ್ಲುಟಮೇಟ್‌ನಂಥ ಕೆರಳಿಸುವುದನ್ನು ತಯಾರಿಸುವವು. ಅಂದರೆ ಯಾವ ಕೋಶ ಯಾವ ರಾಸಾಯನಿಕ ಮಾಡಬೇಕೆಂಬುದು ಪೂರ್ತಿ ವಂಶವಾಹಿಯಲ್ಲೇ ಬರೆದಿಟ್ಟದ್ದಲ್ಲ. ಬೆಳೆಯುತ್ತ ಬೆಳೆಯುತ್ತ ತೀರ್ಮಾನವಾಗುತ್ತದೆ, ಅದೂ ತೂಕ ತಪ್ಪದ ಹಾಗೆ.

ಇದನ್ನೆಲ್ಲ ನಿನಗೇ ಯಾಕೆ ಬರೆದೆ ಗೊತ್ತಾ? ನಿನ್ನ ಗದ್ದೆ ಇರುವುದು ಹಳ್ಳದ ಪಕ್ಕ. ನಾಟಿಯ ಹೊತ್ತಿಗೇ ಕಪ್ಪೆಗಳೂ ಮೊಟ್ಟೆ ಇಡುತ್ತವೆ. ಕ್ಲೋರ್‌ಪೈರಿಫಾಸ್‌ನಂಥ ಔಷಧ ಹುಳವನ್ನು ಕೊಲ್ಲುವುದೇ ಅಸಿಟೈಲ್‌ಕೋಲಿನ್ ಕರಗಿಸುವ ಕಿಣ್ವವನ್ನು ಕಟ್ಟಿಹಾಕಿ. ಆ ಕಿಣ್ವ ಗೊದಮೊಟ್ಟೆಗೂ ಇದೆ, ನಮಗೂ ಇದೆ. ಈ ಔಷಧ ಸೋಕಿದ ಝೆನೋಪಸ್ ಭ್ರೂಣಗಳ ಬಾಲ ಸೊಟ್ಟಗಾಗಿದ್ದನ್ನು ಪ್ರಯೋಗಗಳು ದಾಖಲಿಸಿವೆ. ಸಿದ್ದಾಪುರದ ಕತ್ತಲೆಕಾನಿನ ಕುಂಬಾರ ಕಪ್ಪೆಯ ಸುದ್ದಿ ನಿನಗೆ ಗೊತ್ತಲ್ಲ, 2014ರಲ್ಲಿ ಹೆಸರಿಟ್ಟರು, ಗಂಡು ಕಪ್ಪೆ ಮೊಟ್ಟೆಗೆ ತಾನೇ ಕೆಸರು ಮೆತ್ತುತ್ತದೆ. ಅಷ್ಟು ಜತನದಿಂದ ಕಾದ ಮೊಟ್ಟೆಯ ಮರಿಗಳೂ ಕೊನೆಗೆ ಇಳಿಯಬೇಕಾದ್ದು ನೀರಿಗೇ.

ಈ ಸಲ ಔಷಧ ಹೊಡೆಯಲೇಬೇಕಾಗಿ ಬಂದರೆ ಹಳ್ಳದ ಕಡೆಯ ಎರಡು ಮಡಿಗಳನ್ನು ಬಿಟ್ಟುಬಿಡು. ಔಷಧದ ಕ್ಯಾನನ್ನಂತೂ ಹಳ್ಳದಲ್ಲಿ ತೊಳೆಯಲೇಬೇಡ. ಬದುವಿನ ಬದಿಯ ನೀರಲ್ಲಿ ಮೊಟ್ಟೆಯ ಲೋಳೆ ಕಂಡರೆ ಫೋನ್ ಮಾಡು, ಭೂತಗನ್ನಡಿ ಹಿಡಿದುಕೊಂಡು ಬಂದುಬಿಡುತ್ತೇನೆ, ಇಬ್ಬರೂ ಕೂತು ನೋಡೋಣ.

ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ