ಡಬ್ಬದೊಳಗಿನ ಚೀಟಿ ಓದಿ ಹೆದರಿದ ಸೋದರಸೊಸೆಗೆ

ಚಿ. ಶ್ರುತಿಗೆ ಉಡುಪಿಯಿಂದ ಮಾವನ ಆಶೀರ್ವಾದಗಳು.

ಮೈಗ್ರೇನ್‌ಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ನಿಲ್ಲಿಸಿದ್ದೀಯಂತೆ, ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಡಬ್ಬದೊಳಗಿನ ಚೀಟಿ ಓದಿ ಹೆದರಿದೆಯಂತೆ. ಈಗ ಪಕ್ಕದ ರೂಮಿನವಳು ಕೊಟ್ಟ ಬೇರೆ ಮಾತ್ರೆ ನುಂಗುತ್ತಿದ್ದೀಯಂತೆ. ನಿಲ್ಲಿಸಿದ್ದಕ್ಕಿಂತ ಈ ಎರಡನೆಯ ಸುದ್ದಿಯೇ ನನಗೆ ಗಾಬರಿ ತಂದದ್ದು. ಇಷ್ಟು ವರ್ಷ ಮೆಡಿಕಲ್ ನಡೆಸಿದ ಮಾವ ಒಬ್ಬ ಇದ್ದಾನಲ್ಲ, ಒಂದು ಮಾತು ಕೇಳಬಾರದಿತ್ತಾ ಮಾರಾಯ್ತಿ?

ಆ ಚೀಟಿಯಲ್ಲಿ ಕಂಪನಿಯವರು ಗೊತ್ತಿದ್ದದ್ದನ್ನೆಲ್ಲ ಹಾಕಬೇಕು. ಹತ್ತರಲ್ಲಿ ಒಬ್ಬರಿಗೆ ಆಗುವುದೂ ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವುದೂ ಒಂದೇ ಸಣ್ಣ ಅಕ್ಷರದಲ್ಲಿ ಅಕ್ಕಪಕ್ಕ ಇರುತ್ತದೆ. ಓದಿದ್ದು ಒಳ್ಳೆಯದೇ. ಆದರೆ ಅದರಲ್ಲಿ ನಿನಗೆ ಸಂಬಂಧಪಟ್ಟದ್ದು ಯಾವುದು ಎಂದು ಕೇಳಿ ತಿಳಿದುಕೊಳ್ಳಬೇಕು.

ನಿನಗೆ ಬರೆದದ್ದು ಎರಡು. ನೋವು ಬರದ ಹಾಗೆ ತಡೆಯಲು ರಾತ್ರಿ ಟೊಪಿರಾಮೇಟ್. ನೋವು ಶುರುವಾದಾಗ ಮಾತ್ರ ಸುಮಾಟ್ರಿಪ್ಟಾನ್.

ಟೊಪಿರಾಮೇಟ್ ಶುರುವಾದಾಗ ಬೆರಳ ತುದಿ ಜುಮುಜುಮು ಎನ್ನುತ್ತದೆ, ಊಟ ಅಷ್ಟು ಸೇರುವುದಿಲ್ಲ. ಸೋಡಾ ಶರಬತ್ತು ಕುಡಿದರೆ ಸಪ್ಪೆ ಅನಿಸಬಹುದು. ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡ, ಅದು ಮಾತ್ರೆಯ ಕೆಲಸ. ಮಾತಾಡುವಾಗ ಬೇಕಾದ ಪದ ನಾಲಿಗೆ ತುದಿಗೆ ಬಂದು ನಿಂತುಬಿಡುವುದೂ ಉಂಟು. ಡೋಸನ್ನು ನಿಧಾನಕ್ಕೆ ಏರಿಸುವುದು ಇದಕ್ಕೇ. ಆಫೀಸಿನಲ್ಲಿ ತೀರಾ ಕಷ್ಟವಾದರೆ ಡಾಕ್ಟರಿಗೆ ಹೇಳು, ಕಡಿಮೆ ಮಾಡುತ್ತಾರೆ ಅಥವಾ ಬೇರೆ ಕೊಡುತ್ತಾರೆ. ಅವರನ್ನು ಕೇಳದೆ ಥಟ್ಟನೆ ನಿಲ್ಲಿಸುವ ಮಾತ್ರೆ ಅದಲ್ಲ.

ನೀನು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಈ ಮಾತ್ರೆ ಕೆಲವರಿಗೆ ಬೆವರು ಕಡಿಮೆ ಮಾಡುತ್ತದೆ. ಮಂಗಳೂರಿನ ಏಪ್ರಿಲ್ ಸೆಕೆ ನಿನಗೆ ಗೊತ್ತೇ ಇದೆ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಬೆವರಲ್ಲಿ ತೊಯ್ದು ಹೋಗಿರುವಾಗ ನಿನ್ನ ಮೈ ಮಾತ್ರ ಒಣಗಿ ಬಿಸಿಯಾಗಿದ್ದರೆ ಖುಷಿಪಡಬೇಡ. ನೆರಳಿಗೆ ಹೋಗು, ನೀರು ಕುಡಿ, ಡಾಕ್ಟರಿಗೆ ಫೋನ್ ಮಾಡು. ಕಿಡ್ನಿಯಲ್ಲಿ ಕಲ್ಲಾಗುವ ಸಾಧ್ಯತೆಯೂ ಇದೆ, ಹಾಗಾಗಿ ನೀರಿನ ಬಾಟಲಿ ಯಾವಾಗಲೂ ಕೈಯಲ್ಲಿರಲಿ. ಕಣ್ಣು ನೋವು ಬಂದು ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗು. ಸುಮ್ನೆ ಮನಸ್ಸು ಕುಗ್ಗಿದ ಹಾಗಾದರೂ ಮುಚ್ಚಿಡಬೇಡ.

ಸುಮಾಟ್ರಿಪ್ಟಾನ್ ತೆಗೆದುಕೊಂಡಾಗ ಕುತ್ತಿಗೆ, ದವಡೆ, ಎದೆ ಬಿಗಿದ ಹಾಗಾಗಬಹುದು, ತೂಕಡಿಕೆಯೂ ಬರಬಹುದು. ಆದ್ದರಿಂದ ಮೊದಲ ಸಲ ಮನೆಯಲ್ಲೇ ತಗೋ, ಸ್ಕೂಟರ್ ಹತ್ತುವ ಮೊದಲು ಬೇಡ. ಬಿಗಿತ ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇಳಿಯದೆ ಜೋರಾದರೆ ಕಾಯುವುದು ಬೇಡ, ಸೀದಾ ಆಸ್ಪತ್ರೆ. ಹೃದಯದ ಕಾಯಿಲೆ, ಸ್ಟ್ರೋಕ್, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಇದನ್ನು ಕೊಡುವುದಿಲ್ಲ. ಬಿಪಿ ಇರುವ ನಿನ್ನ ಅಪ್ಪನಿಗೆ ತಲೆನೋವು ಅಂತ ನಿನ್ನದರಿಂದ ಒಂದು ಮುರಿದು ಕೊಟ್ಟೀಯ, ಜಾಗ್ರತೆ.

ಈಗ ಪಕ್ಕದ ರೂಮಿನವಳ ಮಾತ್ರೆಗೆ ಬರುತ್ತೇನೆ. ಸ್ಟ್ರಿಪ್ ತಿರುಗಿಸಿ ನೋಡು. ಎರ್ಗೊಟಮೈನ್, ಕೆಫೀನ್, ಪ್ಯಾರಸಿಟಮಾಲ್ ಎಂದು ಬರೆದಿದ್ದರೆ ಅದು ನನಗೆ ತುಂಬಾ ಹಳೆಯ ಪರಿಚಯ. ಎರ್ಗೊಟಮೈನ್ ರಕ್ತನಾಳವನ್ನು ಬಿಗಿಯುವ ಔಷಧಿ. ಸುಮಾಟ್ರಿಪ್ಟಾನ್ ಕೂಡ ಬಿಗಿಯುತ್ತದೆ. ಎರ್ಗೊಟಮೈನ್ ನುಂಗಿದ 24 ಗಂಟೆಯೊಳಗೆ ಸುಮಾಟ್ರಿಪ್ಟಾನ್ ತೆಗೆದುಕೊಳ್ಳಬಾರದು. ಗಂಟಲುನೋವಿಗೆ ಅಂತ ಕ್ಲಾರಿತ್ರೋಮೈಸಿನ್ ಅಥವಾ ಎರಿತ್ರೋಮೈಸಿನ್ ಬರೆಸಿಕೊಂಡು ಬಂದರೆ ಇನ್ನೂ ಕೆಟ್ಟದು. ಅವು ಎರ್ಗೊಟಮೈನನ್ನು ದೇಹ ಕರಗಿಸದ ಹಾಗೆ ತಡೆಯುತ್ತವೆ. ಕೈಕಾಲಿನ ಬೆರಳು ತಣ್ಣಗಾಗಿ, ಮರಗಟ್ಟಿ, ಕೊನೆಗೆ ಬೆರಳೇ ಕೊಳೆಯುವವರೆಗೂ ಹೋಗಬಹುದು. ಇದು ಹೆದರಿಸಲು ಹೇಳುವ ಮಾತಲ್ಲ. ನೀನು ಹೆದರಿದ ಮಾತ್ರೆಗೆ ಡಾಕ್ಟರ ಕಣ್ಣಾದರೂ ಇತ್ತು, ಇದಕ್ಕೆ ಯಾರಿದ್ದಾರೆ?

ಇನ್ನೊಂದು ಪೇಚು. ನಮ್ಮ ಅಂಗಡಿಗೆ ತಲೆನೋವಿನವರು ಬರುತ್ತಿದ್ದರು. ಸ್ಟ್ರಿಪ್ ಕೈಗೆ ಸಿಕ್ಕಿದ ಕೂಡಲೇ ಕೌಂಟರಿನ ಎದುರೇ ಒಂದು ಒತ್ತಿ ತೆಗೆದು, “ಸ್ವಲ್ಪ ನೀರು ಕೊಡಿ” ಎನ್ನುತ್ತಿದ್ದರು. ಶುರುವಿನಲ್ಲಿ ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ನೋವು ಜಾಸ್ತಿಯಾಗಿದೆ, ಅದಕ್ಕೆ ಮಾತ್ರೆ ಜಾಸ್ತಿ ಎಂದು ಅವರ ಲೆಕ್ಕ. ಎಷ್ಟೋ ಸಲ ಅದು ತಿರುಗಾಮುರುಗಾ. ಎರ್ಗೊಟಮೈನ್, ಸುಮಾಟ್ರಿಪ್ಟಾನ್ ಜಾತಿಯ ಟ್ರಿಪ್ಟಾನ್, ಬೆರಕೆ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಆದರೆ 15 ದಿನ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಬರಲು ಶುರುವಾಗುತ್ತದೆ. ಅದಕ್ಕೆ ಒಂದು ಕೆಲಸ ಮಾಡು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಪೆನ್ನಿನಲ್ಲಿ ಗುರುತು ಹಾಕು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅದರ ಫೋಟೋ ತೋರಿಸು. ರೂಮಿನಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿ ಒಯ್ಯಿ, ಆಯುರ್ವೇದದ್ದೂ ಸೇರಿಸಿ. ಅಮ್ಮನ ಶುಂಠಿ ಕಷಾಯದ ಬಗ್ಗೆ ನನ್ನ ತಕರಾರಿಲ್ಲ.

ಕೊನೆಯ ವಿಷಯ ನಿನ್ನ ಅಮ್ಮ ನಿನಗೆ ಹೇಳಲಿಕ್ಕಿಲ್ಲ, ನಾನೇ ಹೇಳುತ್ತೇನೆ. ಡಿಸೆಂಬರಿಗೆ ನಿನ್ನ ಮದುವೆ. ಟೊಪಿರಾಮೇಟ್ ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿಗೆ ಸೀಳುತುಟಿಯಂಥ ತೊಂದರೆ ಆಗುವ ಅಪಾಯ ಹೆಚ್ಚು. ಬ್ರಿಟನ್‌ನಲ್ಲಿ 2024ರಿಂದ ಇದಕ್ಕೆ ಕಟ್ಟುನಿಟ್ಟಿನ ನಿಯಮವನ್ನೇ ತಂದಿದ್ದಾರೆ. ಮೈಗ್ರೇನ್ ತಡೆಯಲು ಕೊಡುವ ಇನ್ನೊಂದು ಮಾತ್ರೆ ವಾಲ್ಪ್ರೊಯೇಟ್ ಬಸಿರಿನಲ್ಲಿ ಇದಕ್ಕಿಂತ ಅಪಾಯದ್ದು, ಯಾರಾದರೂ ಬರೆದುಕೊಟ್ಟರೆ ಮದುವೆಯ ವಿಷಯ ಹೇಳಿಯೇ ಮುಂದುವರಿ. ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಮಿಂಚು ಕಾಣುತ್ತದೆ ಎಂದಿದ್ದೆಯಲ್ಲ, ಅದನ್ನು ಸ್ತ್ರೀರೋಗ ತಜ್ಞರಿಗೂ ಹೇಳಬೇಕು. ಹಾಗಿರುವವರಿಗೆ ಈಸ್ಟ್ರೊಜೆನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಸ್ಟ್ರೋಕಿನ ಅಪಾಯ ಹೆಚ್ಚಿಸುತ್ತದೆ, ಬೇರೆ ದಾರಿ ಹೇಳುತ್ತಾರೆ. ನಾಚಿಕೆಯಾದರೆ ಅತ್ತೆ ನಿನ್ನ ಜೊತೆ ಬರುತ್ತಾಳೆ, ಅವಳ ಹತ್ತಿರ ಮಾತಾಡಿಯಾಗಿದೆ. ಈ ವಾರವೇ ಅಪಾಯಿಂಟ್‌ಮೆಂಟ್ ತಗೊಂಡು ಅವಳಿಗೆ ದಿನ ತಿಳಿಸು.

ಇಂತಿ,
ನಿನ್ನ ಮಾವ