ಬಂದರು, ಬಂದ, ಬಂದಾರು

ಪ್ರೀತಿಯ ಗೆಳೆಯ,

ನೀನು ಕೇಳುತ್ತಿದ್ದ ಕಥೆ ಇನ್ನೂ ಮುಗಿದಿಲ್ಲ ಮಾರಾಯ. ಮೂರು ತಿಂಗಳಿಂದ ಒಂದೇ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ. ಊರು ಗೊತ್ತು, ತೋಟ ಗೊತ್ತು, ಮಳೆ ಹಿಡಿದ ದಿನವೂ ಗೊತ್ತು. ಕ್ರಿಯಾಪದದ ಬಾಲ ಒಂದೇ ಸರಿಯಾಗಿ ಕೂರುತ್ತಿಲ್ಲ. ಕಥೆ ಬರೆಯುವ ಬೇರೆಯವರೂ ಓದಲಿ ಅಂತ ಇದನ್ನು ಎಲ್ಲರೆದುರೇ ಹೇಳುತ್ತಿದ್ದೇನೆ. ಹೆದರಬೇಡ, ಛತ್ರಿ ವಿಷಯ ಎತ್ತುವುದಿಲ್ಲ.

ಮೊದಲ ಸಾಲು ಹೀಗಿತ್ತು: 'ಅಪ್ಪಯ್ಯ ತೋಟದಿಂದ ಬಂದರು. ಅಮ್ಮ ಕಾಫಿ ಕೊಟ್ಟಳು.' ನಮ್ಮ ಕಡೆ ಇದರಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಅಪ್ಪನಿಗೆ ಬಹುವಚನ, ಅಮ್ಮನಿಗೆ ಏಕವಚನ. ಆದರೆ ನನ್ನ ಕಥೆಯಲ್ಲಿ 'ನಾನು' ಅನ್ನುವವನೇ ಇರಲಿಲ್ಲ. ಮಗನಿಗೂ ಬೇರೆ ಹೆಸರಿಟ್ಟು 'ಅವನು' ಅಂತಲೇ ಬರೆದಿದ್ದೆ. ಯಾರ ಪಕ್ಷವೂ ಇಲ್ಲದೆ ದೂರದಿಂದ ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಆ 'ರು' ಮತ್ತು 'ಳು' ನನ್ನನ್ನು ಹಿಡಿದುಕೊಟ್ಟವು. ಅಪ್ಪನಿಗೆ ಅಂಜುವ, ಅಮ್ಮನ ಸೆರಗು ಹಿಡಿಯುವ ಹುಡುಗನಲ್ಲದೆ ಇನ್ಯಾರು ಆ ಮನೆಯನ್ನು ಹಾಗೆ ನೋಡಿಯಾರು?

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ. ಅಪ್ಪ ಬಂದರೂ ಆಳು ಬಂದರೂ ಅವರಿಗೆ ಒಂದೇ ಕ್ರಿಯಾಪದ. ನಮಗೆ ಪ್ರತಿ ವಾಕ್ಯದ ಕೊನೆಯಲ್ಲೂ ಒಂದು ತೀರ್ಮಾನ ಮಾಡಬೇಕು. 1980ರಲ್ಲಿ ಬಂದ ತೇಜಸ್ವಿಯವರ 'ಕರ್ವಾಲೊ' ನೆನಪಿಸಿಕೋ. ಅಲ್ಲಿ ಕಥೆ ಹೇಳುವ 'ನಾನು' ವಿಜ್ಞಾನಿ ಕರ್ವಾಲೊಗೆ ಬಹುವಚನ ಕೊಡುತ್ತಾನೆ, ಹಳ್ಳಿಯ ಮಂದಣ್ಣನಿಗೆ ಏಕವಚನ. ಆ ಮಂದಣ್ಣನ ಬೆಲೆ ಮೊದಲು ಗೊತ್ತಾಗುವುದೂ ಕರ್ವಾಲೊಗೇ. ನಿರೂಪಕನ ಕಣ್ಣು ತೆರೆಯುವುದು ನಿಧಾನಕ್ಕೆ. ಬಹುವಚನ ಏಕವಚನ ಗಮನಿಸಿಕೊಂಡು ಅದನ್ನು ಮತ್ತೆ ಓದಿದೆ. ಬೇರೆಯೇ ಪುಸ್ತಕ ಓದಿದ ಹಾಗಾಯಿತು.

ನೀನು ಈಗ 1965ರ 'ಸಂಸ್ಕಾರ' ತೆಗೆಯುತ್ತೀಯ, ಗೊತ್ತು. ಪ್ರಾಣೇಶಾಚಾರ್ಯರು ಬಹುವಚನದಲ್ಲೇ ಇದ್ದರೂ ಅನಂತಮೂರ್ತಿ ಆ ಆಚಾರ್ಯರ ಮನಸ್ಸಿನೊಳಕ್ಕೆ ಹೋಗಲಿಲ್ವಾ ಅಂತ ಕೇಳುತ್ತೀಯ. ಹೋದರು. ನನ್ನ ಕೈಲಿ ಆಗಲಿಲ್ಲ. ನನ್ನ 'ಬಂದರು' ಅಪ್ಪ ಸಿಟ್ಟಾಗುತ್ತಿದ್ದರು, ಸುಮ್ಮನಾಗುತ್ತಿದ್ದರು, ತೋಟಕ್ಕೆ ಹೋಗುತ್ತಿದ್ದರು. ಅಷ್ಟೇ. ಒಂದು ರಾತ್ರಿ ಧೈರ್ಯ ಮಾಡಿ 'ತೋಟದಿಂದ ಬಂದ' ಅಂತ ಬರೆದೆ. ಮರುವಾಕ್ಯ ತಾನಾಗೇ ಬಂತು: 'ಅವನಿಗೆ ಭಯವಾಗಿತ್ತು.' ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತೆ. ಅಪ್ಪಯ್ಯನಿಗೆ ಭಯವಾಗುತ್ತದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಆಮೇಲೆ ಕಾಲ. ಅಜ್ಜಿ 'ಒಬ್ಬ ರಾಜ ಇದ್ದನಂತೆ' ಅನ್ನುತ್ತಿದ್ದಳು. ಆ 'ಅಂತೆ' ಒಂದಿದ್ದರೆ ಸಾಕು, ತಾನು ಕಂಡದ್ದಲ್ಲ, ಕೇಳಿದ್ದು ಅಂತಾಯಿತು. ವರ್ತಮಾನದಲ್ಲಿ ಕಥೆ ಹೇಳುವುದು ಹೊರಗಿನಿಂದ ಬಂದ ಶೋಕಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿನ್ನ ಬಸ್ಸಿನ ಕಥೆಯನ್ನೇ ತಗೋ. 'ಇಳೀತೀನಿ, ನೋಡ್ತೀನಿ, ಬ್ಯಾಗೇ ಇಲ್ಲ!' ಹತ್ತು ವರ್ಷದ ಹಿಂದಿನದು, ನೀನು ಇವತ್ತಿಗೂ ಅಲ್ಲೇ ಇಳಿಯುತ್ತಿದ್ದೀಯ.

ನಾನೂ ಹಾಗೇ ಮಾಡಿ ನೋಡಿದೆ. ಎರಡು ಮಳೆಗಾಲ ಸಾಲಾಗಿ ಅಡಿಕೆಗೆ ಕೊಳೆರೋಗ ಬಂದಿತ್ತು. ಬೋರ್ಡೋ ದ್ರಾವಣ ಹೊಡೆಸಿದರೂ ನಿಲ್ಲಲಿಲ್ಲ. ಅಪ್ಪಯ್ಯ ಫೋನ್ ಮಾಡಿದ್ದರು. 'ಕೆಳಗಿನ ತೋಟ ಕೊಟ್ಟುಬಿಡೋಣ ಅಂತ. ನೀನು ಎಂತ ಹೇಳ್ತೀಯ?' ಕಥೆಯಲ್ಲಿ ಹೀಗೆ ಬರೆದಿದ್ದೆ: 'ನಿಮ್ಮಿಷ್ಟ ಅಂದ ಮಗ. ತೋಟ ಹೋಯಿತು.' ಚೊಕ್ಕ ವಾಕ್ಯಗಳು. ಮುಗಿದದ್ದು ಮುಗಿಯಿತು.

ಅದನ್ನೇ 'ನಾನು' ಇಟ್ಟು ವರ್ತಮಾನಕ್ಕೆ ತಂದೆ. ಅಪ್ಪಯ್ಯ ಕೇಳುತ್ತಿದ್ದಾರೆ. ನಾನು ಆಫೀಸಿನ ಮೇಲ್ ಓದುತ್ತಿದ್ದೇನೆ. ಫೋನಿನಲ್ಲಿ ಅವರು ಉಸಿರು ಬಿಡುವುದು ಕೇಳಿಸುತ್ತಿದೆ. 'ಬೇಡ ಅಪ್ಪಯ್ಯ, ಕೊಡಬೇಡಿ' ಅನ್ನಲು ಇನ್ನೂ ಹೊತ್ತಿದೆ. ಮಗ ಬೇಡ ಅನ್ನಲಿ ಅಂತಲೇ ಅವರು ಕೇಳಿದ್ದು, ಅಲ್ವಾ? ಆರು ವರ್ಷವಾದ ಮೇಲೆ, ಒಂದು ಕ್ರಿಯಾಪದ ತಿದ್ದುವಾಗ ನನಗೆ ಇದು ಹೊಳೆಯಿತು. ಅಲ್ಲಿಂದ ಮುಂದೆ ಬರೆಯಲಾಗಲಿಲ್ಲ. ಆ ಮಗ ಇನ್ನೂ ಫೋನ್ ಹಿಡಿದುಕೊಂಡೇ ಇದ್ದಾನೆ.

ಇಷ್ಟೆಲ್ಲ ಹೇಳಬೇಕು ಅಂತ ಇರಲಿಲ್ಲ. ಸಾಕು.

ಅಪ್ಪಯ್ಯ ಆರಾಮಾಗಿದ್ದಾರೆ. ಮಳೆ ಕಡಿಮೆಯಾದರೆ ಹಬ್ಬಕ್ಕೆ ಇಲ್ಲಿಗೆ ಬಂದಾರು. ಈ 'ಬಂದಾರು' ಎಷ್ಟು ಚಂದ ನೋಡು. ಬರುತ್ತಾರೆ ಅಂತಲೂ ಅಲ್ಲ, ಬರುವುದಿಲ್ಲ ಅಂತಲೂ ಅಲ್ಲ. ಕಥೆಗೂ ಅದೇ ರೂಪ ಸರಿ ಹೋದೀತೇನೋ, ಪ್ರಯತ್ನ ಮಾಡುತ್ತೇನೆ. ನೀನೂ ಬಾ. ಅಮ್ಮ ಹಲಸಿನ ಹಪ್ಪಳ ಕಳಿಸುತ್ತಾಳೆ, ಇಬ್ಬರೂ ಕೂತು ತಿನ್ನೋಣ. ಛತ್ರಿ ಮಾತ್ರ ತರಬೇಡ.

ನಿನ್ನ,
ಅದೇ ಹಳೇ ರೂಮ್‌ಮೇಟ್