ಬನ ಕಡಿದ ಮೇಲೆ ನಾಗನಿಗೆ ಉಳಿದದ್ದೇನು?

ಮಾನ್ಯರೇ,

ನಾಗರ ಪಂಚಮಿಯ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಷಯ ತಿಳಿಯುತ್ತದೆ. ನಾಗನ ಕಲ್ಲಿಗೆ ತನು, ಅಂದರೆ ಹಾಲು, ಎರೆಯುವವರ ಬೆನ್ನ ಹಿಂದೆ ಮರಗಳಿಲ್ಲ. ಗ್ರಾನೈಟಿನ ಕಟ್ಟೆ, ಸುತ್ತ ಸ್ಟೀಲಿನ ಬೇಲಿ, ಅಂಗಳಕ್ಕೆ ಇಂಟರ್‌ಲಾಕ್, ಮೂಲೆಗಳಲ್ಲಿ ಕ್ರೋಟನ್ ಕುಂಡ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದಕ್ಕೆ ಜೀರ್ಣೋದ್ಧಾರ ಎಂಬ ಹೆಸರು. ಭಕ್ತಿಯಲ್ಲಿ ಕೊರತೆಯಿದೆ ಎಂದು ಹೇಳುತ್ತಿಲ್ಲ. ಸಾಲ ಮಾಡಿಯೂ ಕಟ್ಟಿಸುವವರಿದ್ದಾರೆ. ಆದರೆ ಹಿರಿಯರು ನಾಗನಿಗೆಂದು ಬಿಟ್ಟದ್ದು ಬನವನ್ನು, ಎಂದರೆ ಮರಗಳ ಒಂದು ಸಣ್ಣ ಕಾಡನ್ನು. ಕಲ್ಲು ಆ ಸಾನ್ನಿಧ್ಯದ ಗುರುತು ಮಾತ್ರ. ಗುರುತನ್ನು ಹೊಳಪುಗೊಳಿಸಲು ಸಾನ್ನಿಧ್ಯವನ್ನೇ ಕಡಿಯುತ್ತಿದ್ದೇವೆ ಎಂಬ ಸಂಕಟದಿಂದ ಈ ಪತ್ರ.

ತುಳುನಾಡಿನ ನಂಬಿಕೆಯಲ್ಲಿ ನಾಗ ಭೂಮಿಯ ಒಡೆಯ. ನೆಲವನ್ನು ಗದ್ದೆ ಮಾಡಿಕೊಂಡವರು ಒಡೆಯನ ಪಾಲೆಂದು ಒಂದು ತುಂಡನ್ನು ಮುಟ್ಟದೆ ಬಿಟ್ಟರು. ಅಲ್ಲಿಗೆ ಕತ್ತಿ ಒಯ್ಯಬಾರದು, ಚಪ್ಪಲಿ ಮೆಟ್ಟಬಾರದು, ಉಗುಳಬಾರದು, ಬಿದ್ದ ಒಣಕೊಂಬೆಯನ್ನೂ ಒಲೆಗೆ ತರಬಾರದು. ‘ಈಶಾವಾಸ್ಯಮಿದಂ ಸರ್ವಂ’ ಎಂದ ಉಪನಿಷತ್ತು ಅದೇ ಶ್ಲೋಕದಲ್ಲಿ ‘ತೇನ ತ್ಯಕ್ತೇನ ಭುಂಜೀಥಾಃ’ ಎಂದಿತು. ಬಿಟ್ಟು ಉಣ್ಣು ಎಂಬ ಆ ಮಾತನ್ನು ಅಕ್ಷರ ಬಾರದ ಒಕ್ಕಲಿನವರು ನೆಲದ ಮೇಲೆ ಬರೆದರು. ಬೆಳಕಿನಿಂದ ಬನದ ಮಬ್ಬಿಗೆ ಕಾಲಿಟ್ಟಾಗ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಬರಿಗಾಲಿಗೆ ತರಗೆಲೆ ತಾಗುತ್ತದೆ, ನಡಿಗೆ ತಾನಾಗಿ ನಿಧಾನವಾಗುತ್ತದೆ, ದನಿ ತಗ್ಗುತ್ತದೆ. ಎಲ್ಲಿ ಹೆಜ್ಜೆ ಇಡುತ್ತಿದ್ದೇನೆ ಎಂಬ ಎಚ್ಚರ ಮೈಯೆಲ್ಲ ತುಂಬುತ್ತದೆ. ಪ್ರಜ್ಞೆ, ಚೈತನ್ಯ ಎಂದು ದೊಡ್ಡ ಮಾತುಗಳಲ್ಲಿ ನಾವು ಹುಡುಕುವುದನ್ನು ಬನ ಹೀಗೆ ಪಾದದ ಮೂಲಕ ಕಲಿಸುತ್ತಿತ್ತು. ಇಂಟರ್‌ಲಾಕಿನ ಮೇಲೆ ಆ ಎಚ್ಚರದ ಅಗತ್ಯವೇ ಬೀಳುವುದಿಲ್ಲ.

1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಕಾಡು ಊರ ದೇವರ ಸೊತ್ತು, ಅನುಮತಿ ಪಡೆಯದೆ ಮರ ಕಡಿಯುವಂತಿಲ್ಲ ಎಂಬ ಇಲ್ಲಿನ ಕಟ್ಟಳೆಯನ್ನು ದಾಖಲಿಸಿದ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯ ಅದು ಎಂದು ಅವನಿಗೆ ಅನಿಸಿತು. ನಮಗೆ ಹಾಗೆ ಅನಿಸುವುದಿಲ್ಲ. ಬರಿಯ ಉಪಾಯವಾಗಿದ್ದರೆ ತಲೆಮಾರುಗಳ ಕಾಲ, ಕಾಯುವವರಿಲ್ಲದ ಜಾಗದಲ್ಲಿ, ಬಡವನೊಬ್ಬ ಕಟ್ಟಿಗೆಯ ಆಸೆಯನ್ನು ತಡೆದುಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯವಿಜ್ಞಾನಿ ವಿ.ಡಿ. ವರ್ತಕ್ ಪಶ್ಚಿಮ ಘಟ್ಟದ ದೇವರಕಾಡುಗಳನ್ನು ಅಧ್ಯಯನ ಮಾಡಿ ವಿಜ್ಞಾನಲೋಕಕ್ಕೆ ಪರಿಚಯಿಸಿದ್ದು ಇಂಥ ಸಂಯಮದ ಫಲವನ್ನೇ.

ಬನದೊಳಗೆ ನಡೆಯುವುದೇನು? ತರಗೆಲೆಯನ್ನು ಗೆದ್ದಲು ಹುತ್ತದೊಳಗೆ ಒಯ್ದು, ಅದರ ಮೇಲೆ ಶಿಲೀಂಧ್ರದ ತೋಟ ಬೆಳೆಸುತ್ತದೆ. ಮಳೆಗಾಲದ ಆರಂಭದಲ್ಲಿ ಹುತ್ತದ ಬುಡದಲ್ಲಿ ಏಳುವ ಅಣಬೆ ಆ ತೋಟದ್ದೇ. ಗೆದ್ದಲು ಬಿಟ್ಟುಹೋದ ಹುತ್ತಕ್ಕೆ ಇಲಿ ಸೇರುತ್ತದೆ, ಇಲಿಯ ಜಾಡು ಹಿಡಿದು ನಾಗರಹಾವು ಬರುತ್ತದೆ. ನಾಗರಹಾವು ತಾನೇ ಬಿಲ ತೋಡುವ ಜೀವಿಯಲ್ಲ. ಹುತ್ತ, ಇಲಿಬಿಲ, ಬೇರಿನ ಪೊಟರೆ ಇದ್ದರೆ ಮಾತ್ರ ಅದಕ್ಕೆ ಮನೆ. ಬೇಸಿಗೆಯ ಕೊನೆಯಿಂದ ಮಳೆಗಾಲದ ಮೊದಲ ಭಾಗದವರೆಗೆ ಹತ್ತರಿಂದ ಮೂವತ್ತು ಮೊಟ್ಟೆ ಇಟ್ಟು, ಸುಮಾರು ಎರಡು ತಿಂಗಳು ತಾಯಿ ಹತ್ತಿರವೇ ಕಾವಲಿರುತ್ತದೆ. ಮರಿಗಳು ಹೊರಬೀಳುವ ಮಳೆಗಾಲದಲ್ಲೇ ಪಂಚಮಿ ಬರುತ್ತದೆ. ಆ ದಿನ ಮಣ್ಣು ಅಗೆಯಬಾರದು, ಉಳಬಾರದು ಎಂಬ ಕಟ್ಟಳೆಯನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬಹುದು. ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳುವವರು ಇದನ್ನು ಯೋಚಿಸಲಿ.

ಮರಗಳೂ ಒಂಟಿಯಾಗಿ ಬದುಕುವುದಿಲ್ಲ. ಸಾಲುಧೂಪ, ಬೋಗಿ ಮರಗಳ ಎಳೆಬೇರಿಗೆ ಶಿಲೀಂಧ್ರದ ನೂಲುಗಳು ಹೊದಿಕೆಯಂತೆ ಸುತ್ತಿಕೊಂಡಿರುತ್ತವೆ. ಅವು ದೂರದ ಮಣ್ಣಿನ ನೀರು, ರಂಜಕವನ್ನು ತಂದುಕೊಡುತ್ತವೆ, ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಪೂಜೆಯಲ್ಲಿ ಕೆಂಡದ ಮೇಲೆ ಹಾಕುವ ಬಿಳಿ ರಾಳ ಬರುವುದು ಈ ಧೂಪದ ಮರದಿಂದಲೇ. ಎಲ್ಲವೂ ಎಲ್ಲದರೊಂದಿಗೆ ಬೆಸೆದಿದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮೂರಲ್ಲಿ ಸಿಗಲಾರದು.

ಕಾಂಕ್ರೀಟ್ ಬಿದ್ದಾಗ ಹಾಳಾಗುವುದು ಈ ಬೆಸುಗೆ. ಮರದ ಆಹಾರಬೇರುಗಳು ಹೆಚ್ಚಾಗಿ ನೆಲದ ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ. ಅಡಿಪಾಯಕ್ಕೆ ಅಗೆದಾಗ ಅವು ತುಂಡಾಗುತ್ತವೆ, ಸಿಮೆಂಟು ಮುಚ್ಚಿದಾಗ ಉಳಿದವಕ್ಕೆ ಗಾಳಿ, ನೀರು ಇಲ್ಲ. ಮರ ಕೂಡಲೇ ಸಾಯುವುದಿಲ್ಲ. ಕೆಲವು ವರ್ಷ ತುದಿಯಿಂದ ಒಣಗುತ್ತಾ ಬರುತ್ತದೆ. ಕೊನೆಗೆ ‘ಕಟ್ಟೆಯ ಮೇಲೆ ಬೀಳುತ್ತದೆ’ ಎಂದು ಅದನ್ನೂ ಕಡಿಯುತ್ತಾರೆ. ನೆರಳು ಹೋದ ಕಟ್ಟೆ ಮಧ್ಯಾಹ್ನಕ್ಕೆ ಕಾದ ಹೆಂಚು. ತನ್ನ ಮೈಯ ಶಾಖವನ್ನು ತಾನೇ ಹದಮಾಡಿಕೊಳ್ಳಲಾಗದ ಹಾವು ಅತ್ತ ಸುಳಿಯಲಾರದು. ತಂಪು ಹುಡುಕಿ ಮನೆಯ ಸೌದೆಕೊಟ್ಟಿಗೆಗೆ, ಬಚ್ಚಲಿಗೆ ಬರುತ್ತದೆ. ಮನೆಯವರು ಅದನ್ನು ನಾಗದೋಷವೆಂದು ತಿಳಿದು, ಪರಿಹಾರ ಕೇಳಲು ಜ್ಯೋತಿಷಿಯಲ್ಲಿ ಮತ್ತೆ ಪ್ರಶ್ನೆ ಇಡಿಸುತ್ತಾರೆ. ಹಿಂದೆ ಬನದಿಂದ ಕೊಡಲಿಯನ್ನು ದೂರವಿಟ್ಟದ್ದು ನಾಗನ ಭಯ. ಈಗ ಅದೇ ಭಯ ಜೀರ್ಣೋದ್ಧಾರದ ಹೆಸರಿನಲ್ಲಿ ಜೆಸಿಬಿಯನ್ನು ಬನಕ್ಕೆ ಕರೆತರುತ್ತಿದೆ. ಈ ತಿರುವನ್ನು ಜ್ಯೋತಿಷಿಗಳು, ತಂತ್ರಿಗಳು, ನಾಗನ ಆವೇಶದಲ್ಲಿ ನುಡಿ ಕೊಡುವ ನಾಗಪಾತ್ರಿಗಳು ಗಂಭೀರವಾಗಿ ಯೋಚಿಸಬೇಕು. ‘ಮರ ಮುಟ್ಟಬೇಡಿ’ ಎಂದು ಅವರು ಹೇಳುವ ಒಂದು ಮಾತು ನಮ್ಮ ನೂರು ಪತ್ರಗಳಿಗಿಂತ ದೊಡ್ಡದು.

ವಯಸ್ಸಾದವರು ಕೆಸರಿನಲ್ಲಿ ನಡೆಯಲಾರರು, ಕುಟುಂಬ ದೊಡ್ಡದಾಗಿದೆ, ನಿಲ್ಲಲು ಜಾಗ ಬೇಕು ಎನ್ನುವುದು ನ್ಯಾಯವೇ. ಅದಕ್ಕೆ ಮೂರಡಿ ಅಗಲದ ದಾರಿ ಸಾಕು. ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ) ಸಿಮೆಂಟಿಲ್ಲದೆ ಮಣ್ಣಿನ ಮೇಲೆ ಹಾಸಿ, ಸಂದಿಗಳಿಗೆ ಮರಳು ತುಂಬಿದರೆ ನೀರು ಇಂಗುತ್ತದೆ, ಕಾಲೂ ಜಾರುವುದಿಲ್ಲ. ಕಲ್ಲಿನ ಮುಂದೆ ಆರಡಿ ಚೌಕದ ಬರಿ ಮಣ್ಣು ಬಿಡಿ. ಚಪ್ಪರ, ಅಡುಗೆ, ಊಟ ಎಲ್ಲ ಬನದ ಗಡಿಯ ಹೊರಗಿರಲಿ. ಹಲವು ಹಳೆಯ ಬನಗಳಲ್ಲಿ ನಾಗನಿಗೆ ಮಾಡಿನ ಹಂಗಿಲ್ಲ, ಮಳೆ ಬಿಸಿಲಿಗೆ ಮೈಯೊಡ್ಡಿಯೇ ಇದ್ದಾನೆ.

ಬನ ಈಗಾಗಲೇ ಬೋಳಾಗಿದ್ದರೆ ಮತ್ತೆ ಬೆಳೆಸಬಹುದು. ಐದು ಸೆಂಟ್ಸ್ ಜಾಗ ಎಂದರೆ ಸುಮಾರು 2,180 ಚದರಡಿ. ಹತ್ತಡಿ ಅಂತರದಲ್ಲಿ ಇಪ್ಪತ್ತು ಗಿಡ ಹಿಡಿಯುತ್ತದೆ. ಅದರಲ್ಲಿ ಆರೇಳು ಮಾತ್ರ ದೊಡ್ಡ ಮರವಾಗುವಂಥವು ಇರಲಿ, ಉಳಿದವು ನಡುವಣ ಎತ್ತರದವು. ಮೊದಲ ವರ್ಷ ಬಿಸಿಲು ತಡೆಯುವ ಹಾಲೆ, ಅತ್ತಿ, ಸುರಹೊನ್ನೆ, ರೆಂಜೆ ನೆಡಬೇಕು. ಧೂಪ, ಬೋಗಿ, ನಾಗಸಂಪಿಗೆ ಎಳವೆಯಲ್ಲಿ ನೆರಳು ಬೇಡುವ ಗಿಡಗಳು. ಎರಡು ಮೂರು ವರ್ಷ ಕಳೆದು ನೆರಳು ಬಿದ್ದ ಮೇಲೆ ಅವನ್ನು ಒಳಗಡೆ ನೆಡಿ. ಬಯಲಲ್ಲಿ ಧೂಪದ ಗಿಡ ನೆಟ್ಟು, ಮೊದಲ ಬೇಸಿಗೆಯಲ್ಲೇ ಸುಟ್ಟುಹೋದಾಗ ‘ಈ ಜಾಗದಲ್ಲಿ ಏನೂ ಬದುಕುವುದಿಲ್ಲ’ ಎಂದು ಕೈಬಿಟ್ಟವರು ಬಹಳ. ನೀರು ಹರಿಯುವ ತೋಡಿನ ಬದಿಗೆ ಕೇದಗೆಯ ಕಂದು ಊರಿದರೆ ಸಾಕು. ಬಳ್ಳಿಗಳು ತಾವಾಗಿ ಬರುತ್ತವೆ, ಕಳೆಯೆಂದು ಕೀಳಬೇಡಿ. ಬೇಗ ಬೆಳೆಯುತ್ತದೆಂದು ಅಕೇಶಿಯಾ ಮಾತ್ರ ಖಂಡಿತ ಬೇಡ.

ಬೀಜದ ವಿಷಯದಲ್ಲಿ ಅವಸರ ಬೇಕು. ಧೂಪ ಮತ್ತು ಬೋಗಿಯ ಬೀಜ ಒಣಗಿದರೆ ಸತ್ತಂತೆ. ಮಳೆಗಾಲದ ಮೊದಲ ದಿನಗಳಲ್ಲಿ ಉದುರಿದ್ದನ್ನು ವಾರದೊಳಗೆ ಬಿತ್ತಬೇಕು. ಡಬ್ಬಿಯಲ್ಲಿ ಕೂಡಿಟ್ಟು ಮುಂದಿನ ವರ್ಷಕ್ಕೆ ಎಂದರೆ ಆಗದು. ಸುರಹೊನ್ನೆಯ ಬೀಜದ ಗಟ್ಟಿ ಚಿಪ್ಪನ್ನು ಮೆಲ್ಲಗೆ ಬಿರಿಸಿ ಬಿತ್ತಿದರೆ ಸುಮಾರು ಎರಡು ತಿಂಗಳ ಬದಲು ತಿಂಗಳು ಚಿಲ್ಲರೆಯಲ್ಲೇ ಮೊಳಕೆ. ರೆಂಜೆಯ ಬೀಜವನ್ನು ಒಂದು ದಿನ ನೆನೆಸಿ. ಧೂಪ, ಬೋಗಿಯ ತೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ) ತುಂಬುವ ಮಣ್ಣಿನಲ್ಲಿ ತಾಯಿಮರದ ಬುಡದ ಒಂದು ಹಿಡಿ ಮಣ್ಣು ಬೆರೆಸಲೇಬೇಕು; ಮೇಲೆ ಹೇಳಿದ ಶಿಲೀಂಧ್ರ ಗಿಡಕ್ಕೆ ಸಿಗುವುದು ಅಲ್ಲಿಂದ. ಹಳೆಯ ಬನದ ಮಣ್ಣು ತರುವಾಗ ಪ್ರಾರ್ಥಿಸಿ ಕೇಳಿಕೊಂಡು ತನ್ನಿ. ರಾಸಾಯನಿಕ ಗೊಬ್ಬರ ಹಾಕಿದರೆ ಈ ನಂಟು ಸರಿಯಾಗಿ ಕುದುರದೆ ಹೋಗಬಹುದು.

ಗುಂಡಿ ಒಂದೂವರೆ ಅಡಿ ಚೌಕ, ಅಷ್ಟೇ ಆಳ. ಕೆಳಗೆ ಮುರಕಲ್ಲು ಗಟ್ಟಿಯಾಗಿದ್ದರೆ ಎರಡಡಿ. ಮೂರು ನಾಲ್ಕು ಮಳೆ ಬಿದ್ದು ನೆಲ ತಣಿದ ಮೇಲೆ, ಜೂನ್ ಮಧ್ಯದಲ್ಲಿ ನೆಡಿ. ಬುಡಕ್ಕೆ ನಾಲ್ಕಿಂಚು ತರಗೆಲೆ ಮುಚ್ಚಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ತೊಗಟೆ ಕೊಳೆಯುತ್ತದೆ. ಮೂರು ಬೇಸಿಗೆ, ಜನವರಿಯಿಂದ ಮೇವರೆಗೆ, ವಾರಕ್ಕೊಮ್ಮೆ ಗಿಡಕ್ಕೆ ಹತ್ತು ಹದಿನೈದು ಲೀಟರ್ ನೀರು. ಮನೆಗೆ ಗೆದ್ದಲು ಬರುತ್ತದೆಂದು ಬನದ ಹುತ್ತಕ್ಕೆ ಔಷಧಿ ಸುರಿದರೆ ಎಲ್ಲ ಶ್ರಮವೂ ವ್ಯರ್ಥ.

ಮರದ ಪರಿಚಯ ತಪ್ಪಿದರೆ ಜೀವಕ್ಕೂ ಅಪಾಯ. ಪಂಚಮಿಗೆ ಐದು ದಿನ ಮೊದಲು ಬರುವ ಆಟಿ ಅಮಾವಾಸ್ಯೆಯಂದು ಬೆಳಗಿನ ಕತ್ತಲಲ್ಲಿ ಹಾಲೆಯ ತೊಗಟೆ ತಂದು ಕಷಾಯ ಕುಡಿಯುತ್ತಾರೆ. ಬನದಲ್ಲಿ ಪಕ್ಕದಲ್ಲೇ ವಿಷದ ಕಾಸರಕವೂ ಇರುತ್ತದೆ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಐದರಿಂದ ಏಳರಷ್ಟು ಗುಂಪಾಗಿರುತ್ತವೆ, ಕೆತ್ತಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ನರಗಳು, ಹಾಲು ಇಲ್ಲ. ಹಿಂದಿನ ದಿನ ಬೆಳಕಿರುವಾಗಲೇ ಮರವನ್ನು ಗುರುತಿಸಿ ದಾರ ಕಟ್ಟಿಬನ್ನಿ.

ಪೂಜೆಯ ಕ್ರಮದಲ್ಲಿ ಬದಲಿಸಬೇಕಾದದ್ದು ಕಡಿಮೆ. ಹಾವಿಗೆ ಹಾಲು ಆಹಾರವಲ್ಲ. ಕಲ್ಲಿಗೆ ಒಂದು ಕುಡ್ತೆ ಹಾಲು ಎರೆದರೆ ತನು ಪೂರ್ಣ. ಲೀಟರುಗಟ್ಟಲೆ ಎರೆದರೆ ಮಣ್ಣಿನ ಮೇಲೆ ಹುಳಿತು ನಾರುತ್ತದೆ. ಎರೆದ ಮೇಲೆ ಸೀಯಾಳದ ನೀರು, ಬಾವಿನೀರು ಹಾಕಿ ತೊಳೆಯಿರಿ. ಹಾಲಿನ ಪ್ಯಾಕೆಟ್, ಊದುಬತ್ತಿಯ ಪೊಟ್ಟಣ ಮನೆಗೆ ಹಿಂದಿರುಗಲಿ. ಬೇಸಿಗೆಯಲ್ಲಿ ಆಶ್ಲೇಷಾ ಬಲಿ ಎಂಬ ನಾಗನ ಪೂಜೆ ಇಟ್ಟುಕೊಂಡರೆ ದೀಪದ ಸುತ್ತ ಮೂರಡಿ ತರಗೆಲೆ ಸರಿಸಿ, ಕೊಡಪಾನದಲ್ಲಿ ನೀರಿಟ್ಟುಕೊಳ್ಳಿ.

ಕೊನೆಯದಾಗಿ ಕಾಗದಪತ್ರ. ಬಹುಪಾಲು ಬನಗಳು ಕಳೆದುಹೋಗುವುದು ಪಾಲಾಗುವಾಗ. ಬನ ಯಾರೋ ಒಬ್ಬರ ಪಾಲಿಗೆ ಸೇರಿ, ಮುಂದೆ ಸೈಟ್ ಆಗುತ್ತದೆ. ಪಾಲುಪಟ್ಟಿ ಬರೆಸುವಾಗಲೇ ಬನದ ಚಕ್ಕುಬಂದಿ, ಮರಗಳ ಹೆಸರು ಬರೆದು, ಪಾಲು ಮಾಡದೆ ಎಲ್ಲರ ಹೆಸರಿನಲ್ಲಿ ಉಳಿಸಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ದಾಖಲಾತಿಯಲ್ಲಿ ಊರಿನ ಬನಗಳನ್ನು ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಬಹುದು. 2007ರಲ್ಲಿ ದೇವನಹಳ್ಳಿಯ ನಲ್ಲೂರು ಹುಣಸೆತೋಪು ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ರಾಜಸ್ಥಾನದ ದೇವರಕಾಡುಗಳ ವಿಷಯದಲ್ಲಿ 2024ರ ಡಿಸೆಂಬರ್ 18ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ದೇಶದ ಎಲ್ಲ ದೇವರಕಾಡುಗಳಿಗೂ ಒಂದು ನೀತಿ ರೂಪಿಸುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿದೆ. ಆ ನೀತಿ ಬರುವ ಹೊತ್ತಿಗೆ ನಮ್ಮ ಸಣ್ಣ ಬನಗಳ ಪಟ್ಟಿ ಪಂಚಾಯಿತಿಯಲ್ಲಿ ಸಿದ್ಧವಾಗಿರಬೇಕು. ಈ ಪಂಚಮಿಗೆ ಕುಟುಂಬದವರೆಲ್ಲ ಮೂಲ ನಾಗನಲ್ಲಿಗೆ, ಎಂದರೆ ತಮ್ಮ ಹಿರಿಯರ ಮೂಲ ಬನಕ್ಕೆ, ಸೇರುತ್ತಾರೆ; ತನು ಹಾಕಿ ಹೊರಡುವ ಮೊದಲು ಹಿರಿಯರೊಬ್ಬರನ್ನು ಕೂರಿಸಿಕೊಂಡು, ಅಲ್ಲಿರುವ ಮತ್ತು ಹಿಂದೆ ಇದ್ದ ಮರಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಇತಿ,
ಬನ ಬೆಳೆಸುವ ಕೆಲಸದಲ್ಲಿ ತೊಡಗಿರುವ ಓದುಗರು,
ಉಡುಪಿ ಜಿಲ್ಲೆ